ಥಂಡರ್‌ಬರ್ಡ್‌ನ ಪ್ಲೇನ್ ಟೆಕ್ಸ್ಟ್ ಮೋಡ್: ನೋಡೋಕೆ ಬೋಳು, ಆದ್ರೂ ನಾನು ತೆಗಿಯಲ್ಲ

ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್ ಬಳಸೋರಲ್ಲೇ ಎಷ್ಟೋ ಜನ ಅದರ ವ್ಯೂ ಮೆನುವಲ್ಲಿರೋ ಮೆಸೇಜ್ ಬಾಡಿ ಆ್ಯಸ್ ಅನ್ನೋ ಆಪ್ಷನ್ ಮುಟ್ಟೇ ಇರಲ್ಲ. ಅಲ್ಲಿ ಮೂರು ಥರ ಇದೆ, ಒರಿಜಿನಲ್ ಎಚ್‌ಟಿಎಂಎಲ್ (ವೆಬ್ ಪುಟದ ಥರ ಬಣ್ಣ, ಚಿತ್ರ, ಬಟನ್ ಎಲ್ಲ ಇರೋದು), ಸಿಂಪಲ್ ಎಚ್‌ಟಿಎಂಎಲ್, ಪ್ಲೇನ್ ಟೆಕ್ಸ್ಟ್ (ಬರೀ ಅಕ್ಷರ). ನಾನು ಬಹಳ ಕಾಲದಿಂದ ಮೂರನೇದನ್ನೇ ಇಟ್ಕೊಂಡಿದೀನಿ, ಈ ರಿವ್ಯೂ ಅದರ ಬಗ್ಗೆ ಮಾತ್ರ.

ದೊಡ್ಡ ಲಾಭ ಅಂದ್ರೆ ಲಿಂಕ್ ಎಲ್ಲಿಗೆ ಹೋಗತ್ತೆ ಅನ್ನೋದು ಕಣ್ಣಿಗೆ ಬೀಳತ್ತೆ. ಪಾಸ್‌ವರ್ಡ್ ಕದಿಯೋಕೆ ಬ್ಯಾಂಕಿನ ವೇಷ ಹಾಕಿದ ಫಿಶಿಂಗ್ ಮೇಲ್ ಬಂತು ಅಂದ್ಕೊಳ್ಳಿ, ಬ್ಯಾಂಕಿನದೇ ಲೋಗೋ, ಅದೇ ಬಣ್ಣ, ಕೆಳಗೆ "ನಿಮ್ಮ ಖಾತೆ ಪರಿಶೀಲಿಸಿ" ಅಂತ ದಪ್ಪ ಬಟನ್, ಆ ಬಟನ್ ಹಿಂದೆ ಮಾತ್ರ ಬ್ಯಾಂಕಿಗೆ ಸಂಬಂಧನೇ ಇಲ್ಲದ ಯಾವುದೋ ಡೊಮೇನ್. ಪ್ಲೇನ್ ಟೆಕ್ಸ್ಟಲ್ಲಿ ಅದೇ ಮೇಲ್ ತೆಗೆದ್ರೆ ಲೋಗೋನೂ ಇಲ್ಲ ಬಟನ್ನೂ ಇಲ್ಲ, ಆ ಸಾಲಿನ ಪಕ್ಕದಲ್ಲೇ ಪೂರ್ತಿ ಅಡ್ರೆಸ್ ಬಿದ್ದಿರತ್ತೆ, ವೇಷ ಕಳಚಿದ ಪಾತ್ರಧಾರಿ ಥರ.

ಮೇಲ್ ತೆಗೆದ್ರೋ ಇಲ್ವೋ ಅಂತ ಕಳಿಸಿದೋರಿಗೆ ತಿಳಿಸೋ ಒಂದು ಪಿಕ್ಸೆಲ್ ಇಮೇಜ್‌ಗಳ ವಿಷಯಕ್ಕೆ ಬಂದ್ರೆ, ಅದಕ್ಕೋಸ್ಕರ ಈ ಮೋಡ್ ಬೇಕಾಗಿಲ್ಲ, ಹೊರಗಿನ ಇಮೇಜ್‌ನ ಥಂಡರ್‌ಬರ್ಡ್ ತಾನಾಗೇ ಬ್ಲಾಕ್ ಮಾಡತ್ತೆ.

ಎನ್‌ಕ್ರಿಪ್ಟ್ ಆದ, ಅಂದ್ರೆ ಕೀ ಇಲ್ಲದೆ ಓದೋಕಾಗದ ಮೇಲ್ ಬರೋರು ಮಾತ್ರ ಇ-ಫೇಲ್ ಬಗ್ಗೆ ತಿಳ್ಕೊಳ್ಳಲೇಬೇಕು. 2018ರ ಮೇ ತಿಂಗಳಲ್ಲಿ ಹೊರಗೆ ಬಂದ ಲೋಪ ಇದು, ಥಂಡರ್‌ಬರ್ಡ್, ಆ್ಯಪಲ್ ಮೇಲ್ ಎರಡಕ್ಕೂ ತಟ್ಟಿತ್ತು. ನಿಮ್ಮ ಹಳೇ ಎನ್‌ಕ್ರಿಪ್ಟೆಡ್ ಮೇಲ್ ಒಬ್ಬ ಕಳ್ಳನ ಕೈಗೆ ಸಿಕ್ಕಿದೆ ಅಂದ್ಕೊಳ್ಳಿ, ಅದನ್ನ ಓದೋಕೆ ಅವನಿಗೆ ಆಗಲ್ಲ. ಅವನು ಮೂರು ಭಾಗದ ಒಂದು ಹೊಸ ಮೇಲ್ ಮಾಡಿ ಇದನ್ನ ಮಧ್ಯದಲ್ಲಿ ತುರುಕಿ ನಿಮಗೆ ಕಳಿಸ್ತಾನೆ, ಮೊದಲ ಭಾಗದಲ್ಲಿ ಒಂದು ಇಮೇಜ್ ಟ್ಯಾಗ್ (ಇಂಥ ಅಡ್ರೆಸ್‌ನಿಂದ ಚಿತ್ರ ತಾ ಅನ್ನೋ ಎಚ್‌ಟಿಎಂಎಲ್ ಸೂಚನೆ), ಅದರ ಅಡ್ರೆಸ್‌ನ ಕೊಟೇಶನ್ ಮಾರ್ಕ್ ಶುರುವಾಗಿರತ್ತೆ ಮುಗಿದಿರಲ್ಲ, ಮುಗಿಯೋದು ಮೂರನೇ ಭಾಗದಲ್ಲಿ. ಮೇಲ್ ಸಾಫ್ಟ್‌ವೇರ್ ಮಧ್ಯದ್ದನ್ನ ನಿಮ್ಮ ಕೀ ಹಾಕಿ ಬಿಚ್ಚಿ, ಮೂರನ್ನೂ ಒಟ್ಟಿಗೆ ಸೇರಿಸಿ ಒಂದೇ ಎಚ್‌ಟಿಎಂಎಲ್ ಅಂತ ಓದತ್ತೆ, ಆಗ ಹೊರಗಿನ ಇಮೇಜ್ ಬ್ಲಾಕ್ ಆಗದಿದ್ರೆ ನಿಮ್ಮ ಗುಟ್ಟೆಲ್ಲ ಇಮೇಜ್ ಅಡ್ರೆಸ್‌ನ ಭಾಗವಾಗಿ ಸೀದಾ ಅವನ ಸರ್ವರ್‌ಗೆ. ಇದರಲ್ಲಿ ಎನ್‌ಕ್ರಿಪ್ಷನ್ ಒಡೆಯೋ ಕೆಲಸನೇ ಇಲ್ಲ, ಎಚ್‌ಟಿಎಂಎಲ್ ತೋರಿಸೋ ಉತ್ಸಾಹನೇ ಸಾಕು. ಆ ತೂತು ಆಮೇಲೆ ಮುಚ್ಚಿದ್ರು ಬಿಡಿ, ಆದ್ರೆ ಪ್ಲೇನ್ ಟೆಕ್ಸ್ಟಲ್ಲಿ ಇಮೇಜ್ ಟ್ಯಾಗ್ ಅಂದ್ರೆ ಬರೀ ಅಕ್ಷರ, ಅದು ಯಾರನ್ನೂ ಸಂಪರ್ಕ ಮಾಡಲ್ಲ.

ಕಷ್ಟಗಳೂ ಇವೆ, ಸುಳ್ಳು ಹೇಳಲ್ಲ. ಟೇಬಲ್ ಇರೋ ಬಿಲ್, ಟಿಕೆಟ್ ಎಲ್ಲ ಚೆಲ್ಲಾಪಿಲ್ಲಿ ಆಗತ್ತೆ. ಒಂದೇ ಮೇಲಲ್ಲಿ ಟೆಕ್ಸ್ಟ್ ಒಂದು ಎಚ್‌ಟಿಎಂಎಲ್ ಒಂದು ಅಂತ ಎರಡು ಪ್ರತಿ ಕಳಿಸೋ ಪದ್ಧತಿ ಇದೆ, ಆದ್ರೆ ಕೆಲವು ಕಂಪನಿಗಳು ಟೆಕ್ಸ್ಟ್ ಪ್ರತಿಯಲ್ಲಿ "ಬ್ರೌಸರ್‌ನಲ್ಲಿ ನೋಡಿ" ಅಂತ ಒಂದು ಲಿಂಕ್ ಬಿಟ್ಟು ಬೇರೇನೂ ಹಾಕಲ್ಲ, ನನಗೆ ಸಿಟ್ಟು ಬರೋದು ಅದಕ್ಕೇ. ಇನ್ನೊಂದು, ನಿಜವಾದ ಕಂಪನಿಗಳೂ ಲಿಂಕ್‌ನ ಯಾವುದೋ ಟ್ರ್ಯಾಕಿಂಗ್ ಡೊಮೇನ್ ಮೂಲಕ ಸುತ್ತಿಸಿ ಕಳಿಸ್ತವೆ, ಅಡ್ರೆಸ್ ಕಂಡ್ರೂ ಅಸಲಿನಾ ನಕಲಿನಾ ಹೇಳೋಕಾಗಲ್ಲ, ಅಂಥ ಕಡೆ ನಾನೇ ಸೈಟ್ ಅಡ್ರೆಸ್ ಟೈಪ್ ಮಾಡಿ ಹೋಗ್ತೀನಿ. ಬಾಸ್ ಹೆಸರಲ್ಲಿ "ಅರ್ಜೆಂಟಾಗಿ ದುಡ್ಡು ಹಾಕು" ಅಂತ ಬರೋ ಮೇಲ್‌ಗೆ, ಅಟ್ಯಾಚ್‌ಮೆಂಟ್‌ನಲ್ಲಿರೋ ವೈರಸ್‌ಗೆ ಈ ಮೋಡ್ ಏನೂ ಮಾಡಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಯಾಕಂದ್ರೆ ಮೆನುವಲ್ಲಿ ಮೋಡ್ ಬದಲಾಯಿಸಿದ್ರೆ ಎಲ್ಲಾ ಮೇಲ್‌ಗೂ ಬದಲಾಗತ್ತೆ, ಒಂದೇ ಒಂದು ಟಿಕೆಟ್ ನೋಡೋಕೆ ಹೋಗಿ ವಾಪಸ್ ಹಾಕೋದು ಮರೆತ್ರೆ ಕಥೆ ಮುಗೀತು. ಸಿಂಪಲ್ ಎಚ್‌ಟಿಎಂಎಲ್ ಮಧ್ಯದ ದಾರಿ ಅಂತ ಹೇಳೋರಿದಾರೆ, ಓದೋಕೇನೋ ಹಿತ, ಆದ್ರೆ ಅಲ್ಲಿ ಲಿಂಕ್ ಮತ್ತೆ ಅಕ್ಷರದ ಹಿಂದೆ ಅಡಗತ್ತೆ, ನನಗೆ ಬೇಕಿರೋದೇ ಅದು ಅಡಗಬಾರದು ಅಂತ.

ಇದೆಲ್ಲ ಬಂದ ಮೇಲ್ ಓದೋ ವಿಷಯ, ನೀವು ಮೇಲ್ ಬರೆಯುವಾಗ ಎಚ್‌ಟಿಎಂಎಲ್ ಬೇಕಾ ಪ್ಲೇನ್ ಟೆಕ್ಸ್ಟ್ ಬೇಕಾ ಅನ್ನೋ ಸೆಟ್ಟಿಂಗ್ ಬೇರೆ, ಅದು ಅಕೌಂಟ್ ಸೆಟ್ಟಿಂಗ್ಸ್‌ನ ಕಂಪೋಸಿಷನ್ ಭಾಗದಲ್ಲಿದೆ. ಒಂದೇ ಮೇಲ್‌ಗೆ ಬೇರೆ ಥರ ಬೇಕಂದ್ರೆ ಶಿಫ್ಟ್ ಒತ್ತಿ ಹಿಡ್ಕೊಂಡು ಹೊಸ ಮೇಲ್ ಬರೆಯೋ ಬಟನ್ ಒತ್ತಿ, ಅಷ್ಟೇ.