ಸೋರುವ ಬಿರುಕಿಗೆ ಸಿಮೆಂಟ್, ಎಪಾಕ್ಸಿ, ಪಿಯು: ಮೂರನ್ನೂ ಹಾಕಿ ನೋಡಿದೆ

ಬೇಸ್‌ಮೆಂಟಿನ ಗೋಡೆಯಲ್ಲಿ ಕೂದಲೆಳೆಗಿಂತ ಸ್ವಲ್ಪ ಅಗಲದ ಬಿರುಕು. ಮಳೆ ಬಂದ ಮರುದಿನ ನೀರು ಜಿನುಗುತ್ತಿತ್ತು. ಮೊದಲು ಬೇಗ ಗಟ್ಟಿಯಾಗುವ ಸಿಮೆಂಟನ್ನು ಮೆತ್ತಿದೆ. ನಾಲ್ಕೈದು ನಿಮಿಷದಲ್ಲಿ ಕಲ್ಲಾಯಿತು, ನೀರೂ ನಿಂತಿತು. ಮುಂದಿನ ಮಳೆಗೆ ಒಂದು ಗೇಣು ಮೇಲಿನಿಂದ ಇಳಿಯತೊಡಗಿತು. ಬಾಯಿ ಮುಚ್ಚಿದ್ದೆ ಅಷ್ಟೇ. ಹಿಂದಿರುವ ನೀರಿನ ಒತ್ತಡ ಸುಮ್ನೆ ಇರುತ್ತದಾ?

ಆಮೇಲೆ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು. ಕಾಂಕ್ರೀಟಿಗಿಂತ ಗಟ್ಟಿ ಅಂತ ಕೇಳಿದ್ದೆ, ನಿಜವೂ ಹೌದು. ಆದರೆ ಒದ್ದೆ ಬಿರುಕಿನಲ್ಲಿ ಅದಕ್ಕೆ ಹಿಡಿತವೇ ಸಿಗಲಿಲ್ಲ. ಎಪಾಕ್ಸಿ ಒಂದು ಕಡೆ ಗಟ್ಟಿಯಾಗಿ ಕೂತಿತು, ನೀರು ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡಿತು. ಒಣಗಿದ ಬಿರುಕಿಗೆ, ಅದರಲ್ಲೂ ಭಾರ ಹೊರುವ ಕಂಬ, ತೊಲೆಗೆ, ಎಪಾಕ್ಸಿಯೇ ಸರಿ. ಒಡೆದದ್ದನ್ನು ಮತ್ತೆ ಒಂದು ಮಾಡುತ್ತದೆ. ಬಿಸಿಲಿಗೆ, ಚಳಿಗೆ ಅಲುಗಾಡುವ ಬಿರುಕಿಗೆ ಮಾತ್ರ ಬೇಡ. ಅದು ಬಾಗುವುದಿಲ್ಲ, ಪಕ್ಕದಲ್ಲೇ ಹೊಸ ಬಿರುಕು ಬೀಳಬಹುದು.

ಮೂರನೆಯದು ಪಿಯು, ಅಂದರೆ ಪಾಲಿಯುರೆಥೇನ್. ಇದಕ್ಕೆ ನೀರು ಸಿಕ್ಕರೇನೇ ಕೆಲಸ. ತಾಗಿದರೆ ಒಳಗೆ ಗ್ಯಾಸ್ ಹುಟ್ಟಿ ನೊರೆಯಾಗಿ ಉಬ್ಬುತ್ತದೆ. ನಮ್ಮ ಗೋಡೆ 20 ಸೆಂ.ಮೀ. ದಪ್ಪ. ಬಿರುಕಿನಿಂದ 10 ಸೆಂ.ಮೀ. ಬಿಟ್ಟು, 45 ಡಿಗ್ರಿ ಓರೆಯಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ತೂತು ಕೊರೆದೆ. ಹಾಗೆ ಕೊರೆದರೆ ಗೋಡೆಯ ನಟ್ಟನಡುವೆ ಬಿರುಕು ಸಿಗುತ್ತದೆ. ಧೂಳು ತೊಳೆದು, ಪ್ಯಾಕರ್ (ಪಂಪಿನ ಪೈಪು ಸಿಕ್ಕಿಸುವ ಮೂತಿ) ಬಿಗಿದು, ಕೆಳಗಿನಿಂದ ಕೈ ಪಂಪು ಒತ್ತುತ್ತಾ ಹೋದೆ. ಬಿರುಕಿನಿಂದ ಮೊದಲು ಬರೀ ನೀರು. ಆಮೇಲೆ ಹಾಲಿನಂಥ ನೀರು. ಕೊನೆಗೆ ಹಳದಿ ನೊರೆ. ಮೇಲಿನ ತೂತಿನಲ್ಲಿ ಪಿಯು ಇಣುಕಿದ ಮೇಲೆ ಪಂಪನ್ನು ಅಲ್ಲಿಗೆ ಏರಿಸಬೇಕು. ಅವಸರಕ್ಕೆ ಒಂದು ಕಡೆ ಜಾಸ್ತಿ ಒತ್ತಿದೆ, ಗಾರೆ ಚಕ್ಕೆಯಾಗಿ ಎದ್ದು ಬಂತು.

ಪಿಯುನಲ್ಲೇ ಜೆಲ್ ಆಗುವ ಜಾತಿಯೂ ಇದೆ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷವಿಡೀ ತೇವ ಇರುವ ಜಾಗಕ್ಕಾದರೆ ಸರಿ. ನಮ್ಮ ಗೋಡೆ ಬೇಸಿಗೆಯಲ್ಲಿ ಒಣಗುತ್ತದೆ, ಹಾಗಾಗಿ ನೊರೆಯದ್ದನ್ನೇ ತಂದೆ.

ಪಿಯುಗೆ ಭಾರ ಹೊರುವ ತಾಕತ್ತಿಲ್ಲ. ಅದು ತುಂಬಿಕೊಂಡ ಬಿರುಕಿಗೆ ಆಮೇಲೆ ಎಪಾಕ್ಸಿ ಹಾಕೋಣ ಅಂದರೆ, ಕಾಂಕ್ರೀಟಿಗೆ ಅಂಟಿಕೊಳ್ಳಲು ಜಾಗವೇ ಉಳಿದಿರುವುದಿಲ್ಲ. ಗ್ಲೌಸು, ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ನನ್ನ ಹೆಬ್ಬೆರಳಿಗೆ ಅಂಟಿದ್ದು ವಾರವಾದರೂ ಬಿಡಲಿಲ್ಲ.

ಎರಡು ಮಳೆಗಾಲ ಕಳೆದಿದೆ, ಗೋಡೆ ಒಣಗಿಯೇ ಇದೆ. ಹಾಳಾಗಿದ್ದು ಪಂಪು. ಕೆಲಸ ಮುಗಿಸಿ, ಬುದ್ಧಿ ಓಡದೆ ನೀರಿನಲ್ಲೇ ತೊಳೆದೆ. ಒಳಗೆ ನೊರೆ ಎದ್ದು ಕಲ್ಲಾಗಿ ಕೂತಿದೆ.