ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ ಕಿಟ್: ಸಾಮಗ್ರಿ ಸರಿಯಿದೆ, ಸೂಚನಾಪತ್ರ ಸಾಲದು

ಒಸಡನ್ನು ಕೊಯ್ದು, ಬೇಕಾದಲ್ಲಿ ಸುತ್ತಲಿನ ಮೂಳೆಯನ್ನೂ ತುಸು ಕೊರೆದು ಹಲ್ಲು ತೆಗೆದ ಮೇಲೆ, ರೋಗಿಯ ಕೈಗೆ ಆರೈಕೆ ಕಿಟ್ ಒಂದನ್ನು ಕೊಟ್ಟು ಮನೆಗೆ ಕಳುಹಿಸುವ ದಂತ ಚಿಕಿತ್ಸಾಲಯಗಳಿವೆ. ಕೆಳದವಡೆಯ ಬುದ್ಧಿಹಲ್ಲು ತೆಗೆಸಿದಾಗ ನನಗೆ ದೊರೆತ ಕಿಟ್‌ನಲ್ಲಿ ಗಾಜ್ ಬಟ್ಟೆಯ ತುಂಡುಗಳು, ದವಡೆಗೆ ಕಟ್ಟಿಕೊಳ್ಳುವ ಪಟ್ಟಿ, ತಂಪು ಮಾಡಿ ಅದರೊಳಗಿಡುವ ಜೆಲ್ ಪ್ಯಾಕ್‌ಗಳು, ಶೇ. 0.2ರ ಕ್ಲೋರ್‌ಹೆಕ್ಸಿಡಿನ್ (ಸೂಕ್ಷ್ಮಾಣುನಾಶಕ) ಮೌತ್‌ವಾಶ್, ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜ್ ಹಾಗೂ ಒಂದು ಪುಟದ ಸೂಚನಾಪತ್ರ ಇದ್ದವು. ಸಾಮಗ್ರಿಯ ಆಯ್ಕೆಯಲ್ಲಿ ದೊಡ್ಡ ದೋಷವೇನೂ ಇಲ್ಲ. ಆದರೆ ಯಾವುದನ್ನು ಎಂದಿನಿಂದ ಬಳಸಬೇಕು, ಅಲ್ಲಿಯವರೆಗೆ ಯಾವುದನ್ನು ಮುಟ್ಟಲೇಬಾರದು ಎಂಬುದೇ ಇಂಥ ಚೇತರಿಕೆಯಲ್ಲಿ ಮುಖ್ಯವಾಗಿರುವಾಗ, ಆ ವಿಷಯದಲ್ಲಿ ಸೂಚನಾಪತ್ರ ಬಹುತೇಕ ಏನನ್ನೂ ಹೇಳುವುದಿಲ್ಲ.

ಗಾಜ್ ಬಟ್ಟೆ ಒಳ್ಳೆಯ ದರ್ಜೆಯದು. ಎಳೆ ಬಿಡುವುದಿಲ್ಲ, ಮಡಿಚಿದಾಗ ಗಾಯದ ಮೇಲೆ ಸರಿಯಾಗಿ ಕೂರುವಷ್ಟು ದಪ್ಪವಿದೆ. ತುಸು ಒದ್ದೆ ಮಾಡಿ ಇಟ್ಟುಕೊಂಡರೆ, ತೆಗೆಯುವಾಗ ಹೆಪ್ಪುಗಟ್ಟಿದ ರಕ್ತ ಅದಕ್ಕೆ ಅಂಟಿಕೊಂಡು ಕಿತ್ತುಬರುವ ಅಪಾಯ ಕಡಿಮೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಒಂದೇ ಸಮನೆ ಕಚ್ಚಿ ಹಿಡಿಯುವುದರಿಂದ ರಕ್ತ ನಿಲ್ಲುತ್ತದೆಯೇ ಹೊರತು, ಘಳಿಗೆಗೊಮ್ಮೆ ತೆಗೆದು ನೋಡುತ್ತಾ ಬದಲಿಸುವುದರಿಂದಲ್ಲ. ಮೊದಲ ದಿನ ಉಗುಳಿನಲ್ಲಿ ಸ್ವಲ್ಪ ಕೆಂಪು ಕಾಣುವುದು ಸಹಜ.

ಜೆಲ್ ಪ್ಯಾಕ್ ನೋಡಲು ಆಕರ್ಷಕವಾಗಿದೆ. ನೆತ್ತಿಯ ಮೇಲೆ ಪಟ್ಟಿಯ ವೆಲ್ಕ್ರೋ ಅಂಟಿಸಿಬಿಟ್ಟರೆ ಎರಡೂ ಕೈಗಳಿಗೆ ಬಿಡುವು ಸಿಗುವುದು ನಿಜಕ್ಕೂ ಅನುಕೂಲ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತಂಪು ಇಳಿದುಹೋಗುತ್ತದೆ ಎಂದು ದೂರುವವರಿರಬಹುದು. ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಅಷ್ಟೇ ಹೊತ್ತು ತೆಗೆದಿಡಬೇಕಾದ ವಸ್ತುವಾದ್ದರಿಂದ ಅದನ್ನು ಕೊರತೆ ಎನ್ನಲಾರೆ. ಹೊದಿಕೆ ಬಟ್ಟೆ ಮಾತ್ರ ತೀರಾ ತೆಳು. ಕೆನ್ನೆ ಮರಗಟ್ಟಿರುವಾಗ ಅತಿಯಾದ ಶೀತದಿಂದ ಚರ್ಮಕ್ಕೆ ಆಗುವ ಹಾನಿ ಅರಿವಿಗೆ ಬರುವುದಿಲ್ಲವಾದ್ದರಿಂದ ನಡುವೆ ಇನ್ನೊಂದು ಬಟ್ಟೆ ಇಡುವುದು ಅಗತ್ಯ. ಊತ ಎರಡು ಮೂರನೆಯ ದಿನದ ಹೊತ್ತಿಗೆ ಅತ್ಯಂತ ಹೆಚ್ಚಾಗಿ, ಬಳಿಕ ಇಳಿಯತೊಡಗುತ್ತದೆ. 48 ಗಂಟೆಗಳ ನಂತರ ತಂಪಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಬಾಯಿ ತೆರೆಯಲಾಗದಂತೆ ಬಿಗಿದುಕೊಂಡ ದವಡೆಗೆ ಆಗ ಹದವಾದ ಶಾಖವೇ ಹಿತ. ಸೂಚನಾಪತ್ರವಾದರೋ ‘ಊತ ಇಳಿಯುವವರೆಗೆ ಬಳಸಿ’ ಎಂದಿಷ್ಟೇ ಹೇಳಿ ಕೈತೊಳೆದುಕೊಂಡಿದೆ.

ಮೌತ್‌ವಾಶ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು. ಆಮೇಲೂ ಜೋರಾಗಿ ಉಗುಳದೆ, ಬಾಯಿ ಬಗ್ಗಿಸಿ ತಾನಾಗಿ ಸುರಿದುಹೋಗಲು ಬಿಡಬೇಕು. ಬಹಳ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿಯೂ ಕೆಲಕಾಲ ಕೆಡುತ್ತದೆ.

ಸಿರಿಂಜ್ ಈ ಕಿಟ್‌ನ ಅತ್ಯುತ್ತಮ ವಸ್ತುವೂ ಹೌದು, ಅತ್ಯಂತ ಅಪಾಯಕಾರಿ ವಸ್ತುವೂ ಹೌದು. ಕೆಳದವಡೆಯಲ್ಲಿ ಹಲ್ಲು ಕಿತ್ತ ಕುಳಿಯಲ್ಲಿ ಸಿಕ್ಕಿಕೊಳ್ಳುವ ಆಹಾರದ ಕಣಗಳು ಬರಿಯ ಮುಕ್ಕಳಿಸುವಿಕೆಯಿಂದ ಪೂರ್ತಿ ಹೊರಬರುವುದಿಲ್ಲ. ಬಾಗಿದ ತುದಿಯಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ನಿಧಾನವಾಗಿ ಹಾಯಿಸಿದರೆ ಅವು ತೇಲಿಬರುವುದನ್ನು ಕಣ್ಣಾರೆ ಕಾಣಬಹುದು. ಆದರೆ ಹೊಸ ಸಿರಿಂಜಿನ ರಬ್ಬರು ಮೊದಲು ಅಂಟಿಕೊಂಡಂತಿದ್ದು, ಒತ್ತಿದಾಗ ಥಟ್ಟನೆ ಜಾರಿ ನೀರು ರಭಸದಿಂದ ಚಿಮ್ಮುತ್ತದೆ. ಬಾಯಿಗೆ ತರುವ ಮುನ್ನ ಸಿಂಕಿನಲ್ಲಿ ನಾಲ್ಕಾರು ಬಾರಿ ಒತ್ತಿ ಸಡಿಲಗೊಳಿಸುವುದು ಮೇಲು. ಸಾಮಾನ್ಯವಾಗಿ ಸುಮಾರು ಒಂದು ವಾರದ ಹೊತ್ತಿಗೆ, ವೈದ್ಯರು ಹೇಳಿದ ಮೇಲಷ್ಟೇ ಆರಂಭಿಸಬೇಕಾದ ಈ ಸಾಧನವನ್ನು ಪೊಟ್ಟಣದ ಮೇಲ್ಪದರದಲ್ಲೇ ಇಟ್ಟಿದ್ದಾರೆ! ಕುಳಿಯನ್ನು ಮುಚ್ಚಿ ಕಾಯುವ ರಕ್ತದ ಹೆಪ್ಪು ಮೊದಲ ದಿನಗಳಲ್ಲಿ ಕದಲಿಹೋದರೆ ಮೂಳೆ ಬರಿದಾಗಿ ‘ಡ್ರೈ ಸಾಕೆಟ್’ ಉಂಟಾಗಬಹುದು. ಕಡಿಮೆಯಾಗುತ್ತಿದ್ದ ನೋವು ಮೂರನೆಯ ದಿನದ ಆಸುಪಾಸಿನಲ್ಲಿ ಮತ್ತೆ ಕೆರಳಿ ಕಿವಿಯವರೆಗೆ ಹಬ್ಬುವುದು, ಬಾಯಲ್ಲಿ ದುರ್ವಾಸನೆ ಬರುವುದು ಅದರ ಲಕ್ಷಣ. ಅದಕ್ಕೆ ನೋವಿನ ಮಾತ್ರೆಯೊಂದೇ ಸಾಲದು; ದಂತವೈದ್ಯರು ಕುಳಿಯನ್ನು ತೊಳೆದು ಔಷಧ ತುಂಬಬೇಕಾಗುತ್ತದೆ. ಸ್ಟ್ರಾ ಮತ್ತು ಧೂಮಪಾನ ಬೇಡವೆಂದು ದಪ್ಪಕ್ಷರದಲ್ಲಿ ಅಚ್ಚುಹಾಕಿದವರು ತಾವೇ ಕೊಟ್ಟ ಸಿರಿಂಜಿನ ಬಗ್ಗೆ ಒಂದು ಸಾಲನ್ನಾದರೂ ಸೇರಿಸಬಹುದಿತ್ತು.

ಸೂಚನಾಪತ್ರದಲ್ಲಿ ಇಲ್ಲದಿರುವ ಸಂಗತಿಗಳು ಇನ್ನೂ ಕೆಲವಿವೆ. ಅರಿವಳಿಕೆ ಇಳಿಯುವ ಮೊದಲೇ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ನುಂಗಿದರೆ ಮೊದಲ ರಾತ್ರಿ ಎಷ್ಟೋ ಸಲೀಸು ಎಂಬ ಮಾತಿಲ್ಲ. ಮೂರು ದಿನಗಳ ಬಳಿಕವೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ತಡಮಾಡದೆ ಕರೆ ಮಾಡಬೇಕೆಂಬ ಎಚ್ಚರಿಕೆಯೂ ಇಲ್ಲ. ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕೆಂಬುದಂತೂ ಕಡ್ಡಾಯವಾಗಿ ಇರಬೇಕಿತ್ತು.

ಇಷ್ಟಾದರೂ, ಬಿಡಿಬಿಡಿಯಾಗಿ ಹುಡುಕಿ ಕೊಳ್ಳುವ ತಾಪತ್ರಯ ತಪ್ಪಿಸುವ ಈ ಕಿಟ್ ಬೇಡವೆನ್ನಲಾರೆ. ಪಡೆಯುವವರು ಚಿಕಿತ್ಸಾಲಯದಿಂದ ಹೊರಡುವ ಮುನ್ನ ಹೊಲಿಗೆ ತಾನಾಗಿ ಕರಗುವಂಥದ್ದೋ ಬಿಚ್ಚಿಸಬೇಕಾದದ್ದೋ ಎಂದು ಕೇಳಿ ತಿಳಿದುಕೊಂಡು, ಸಿರಿಂಜ್ ಬಳಸಲು ಆರಂಭಿಸಬೇಕಾದ ದಿನಾಂಕವನ್ನು ವೈದ್ಯರಿಂದಲೇ ಅದರ ಲಕೋಟೆಯ ಮೇಲೆ ಬರೆಸಿಕೊಳ್ಳಲಿ.