ತೋಳಿಗೆ ಅಂಟಿಸೋ ಶುಗರ್ ಸೆನ್ಸರ್: ಬೆಳಗಿನ ಶುಗರ್ ತಲೆನೋವು ಇರೋರಿಗೆ

ಐದಕ್ಕೆ ಮೂರೂವರೆ ಸ್ಟಾರ್. ಕಂಪನಿ ಹೆಸರು ಹಾಕಲ್ಲ, ಆಮೇಲೆ ಜಾಹೀರಾತು ಅಂತೀರಾ.

ರಾತ್ರಿ ಎರಡು ಚಪಾತಿ ತಿಂದು ಮಲಗೋವಾಗ ಶುಗರ್ 130, ಬೆಳಿಗ್ಗೆ ಎದ್ದು ಬೆರಳು ಚುಚ್ಚಿದ್ರೆ 180, ಮನೆಯವ್ಳಿಗೆ ನನ್ನ ಮೇಲೇ ಡೌಟು, ಫ್ರಿಡ್ಜಲ್ಲಿರೋ ಹೋಳಿಗೆ ಎಣಿಸಿಡೋ ಮಟ್ಟಕ್ಕೆ ಬಂದಿತ್ತು. ರಾತ್ರಿ ಇನ್ಸುಲಿನ್ ಜಾಸ್ತಿ ಮಾಡ್ಲಾ ಅಂತ ಡಾಕ್ಟರ್ ಹತ್ರ ಕೇಳಿದ್ರೆ, ಸುಮ್ನಿರಿ ಮೊದ್ಲು ಸೆನ್ಸರ್ ಹಾಕಿ ಅಂದ್ರು. ಇಲ್ಲೇ ಮುಂಬಯಿಯ ಮಾಟುಂಗಾದಲ್ಲಿ ಒಂದು ಮೆಡಿಕಲ್‌ನಲ್ಲಿ ಸಿಕ್ತು, 14 ದಿನ ಬರುತ್ತೆ. ಮೇಲ್ತೋಳಿನ ಹಿಂದೆ ಇಟ್ಟು ಒತ್ತಿದ್ರೆ ಟಕ್ ಅಂತ ಕೂತ್ಕೊಳ್ಳುತ್ತೆ, ನೋವು ಅನ್ನೋ ಹಾಗಿಲ್ಲ.

ರಾತ್ರಿಯಿಡೀ ಅದು ಅಳೆದ ಶುಗರಿನ ಗ್ರಾಫ್ ನೋಡಿದ್ಮೇಲೆ ಕೊಟ್ಟ ದುಡ್ಡು ವಸೂಲಿ. ಬೆಳಗಿನ ಜಾವ ಮೂರೂವರೆವರೆಗೆ ಗೆರೆ ಸಮವಾಗಿ, ನಾಲ್ಕು ದಾಟಿದ್ರೆ ಮೇಲೆ. ಇದಕ್ಕೆ ಡಾನ್ ಫಿನಾಮಿನನ್ ಅಂತಾರೆ. ಏಳೋ ಹೊತ್ತಿಗೆ ಮೈ ತಯಾರಾಗ್ಲಿ ಅಂತ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಎಲ್ಲ ಏರುತ್ವೆ, ಲಿವರ್ ಗ್ಲೂಕೋಸ್ ಬಿಡುತ್ತೆ, ಶುಗರ್ ಕಾಯಿಲೆ ಇಲ್ದೋರಿಗೂ ಆಗೋದೇ ಇದು, ಆದ್ರೆ ಅವ್ರಿಗೆ ತಕ್ಕಷ್ಟು ಇನ್ಸುಲಿನ್ ಒಳಗಿಂದ್ಲೇ ಬರುತ್ತೆ, ನಮಗೆ ಬರಲ್ಲ. ಏಕಾದಶಿಗೆ ಬರೀ ಹಾಲು ಹಣ್ಣಲ್ಲಿದ್ದು ದ್ವಾದಶಿ ಬೆಳಿಗ್ಗೆ ನೋಡಿದ್ರೂ ಅದೇ ಏರಿಕೆ. ಹೋಳಿಗೆ ಎಣಿಸೋದು ಅವತ್ತಿಗೆ ನಿಂತ್ತು! (ಇನ್ಸುಲಿನ್ ಇಟ್ಕೊಂಡು ಉಪವಾಸ ಬೇರೆ ಕೇಡು ಅಂತ ಡಾಕ್ಟರ್ ಬೈದ್ರು, ಅದು ಬೇರೆ ಕಥೆ.)

ಬೆಳಿಗ್ಗೆ ಒಂದ್ಸಲ ಚುಚ್ಚಿ ನೋಡೋದ್ರಲ್ಲಿ ಇದು ಗೊತ್ತಾಗೋದೇ ಇಲ್ಲ ನೋಡಿ. ಅದೇ 180 ಇನ್ನೊಬ್ರಿಗೆ ರಾತ್ರಿ ಹಾಕಿದ ಇನ್ಸುಲಿನ್ ಬೆಳಗಿನ ಜಾವಕ್ಕೆ ಮುಗಿದು ಬಂದಿರ್ಬಹುದು, ಮತ್ತೊಬ್ರಿಗೆ ಎರಡು ಮೂರು ಗಂಟೆಗೆ ಶುಗರ್ ಕೆಳಗಿಳಿದು ಆಮೇಲೆ ಪುಟಿದು ಬಂದಿರ್ಬಹುದು, ಅಂಥೋರಿಗೆ ಡೋಸ್ ಕಮ್ಮಿ ಮಾಡ್ಬೇಕಾಗುತ್ತೆ, ಪಕ್ಕದ ಮನೆಯವ್ರು ಹೇಳಿದ್ರು ಅಂತ ಏರಿಸ್ಕೊಂಡ್ರೆ ನಿದ್ದೇಲೇ ಶುಗರ್ ಲೋ (ತೀರಾ ಕಮ್ಮಿ) ಆಗಿ ಕೂರುತ್ತೆ. ನಂದು ಇಳಿಯೋದಿಲ್ಲ ಅಂತ ಗ್ರಾಫಲ್ಲಿ ಕಂಡ ಮೇಲೇ ಡಾಕ್ಟರ್ ಡೋಸ್ ಮುಟ್ಟಿದ್ದು.

ಈಗ ಕಟ್ ಮಾಡಿದ ಮಾರ್ಕ್ಸು. ಮುಂಬಯಿ ಬೆವರಿಗೆ ಅಂಟು ನಿಲ್ಲಲ್ಲ, ದಾದರಲ್ಲಿ ಲೋಕಲ್ ಇಳಿಯೋ ನೂಕಾಟದಲ್ಲಿ ಅರ್ಧ ಎದ್ದೇ ಬಂತು, ಮೇಲೆ ಟೇಪ್ ಹಾಕಿ ಕಾಪಾಡ್ಕೊಂಡೆ. ಒಂದು ರಾತ್ರಿ 62 ಅಂತ ಕೂಗ್ಕೊಂಡು ಮನೆಯವ್ರನ್ನೆಲ್ಲ ಎಬ್ಬಿಸ್ತು, ಬೆರಳು ಚುಚ್ಚಿದ್ರೆ 118. ಆ ತೋಳಿನ ಮೇಲೇ ಮಲಗಿದ್ದೆ, ಒತ್ತಡ ಬಿದ್ರೆ ಹೀಗೆ ಸುಳ್ಳು ಲೋ ತೋರಿಸುತ್ತಂತೆ. ಇದು ಅಳೆಯೋದು ರಕ್ತ ಅಲ್ಲ, ಚರ್ಮದಡಿ ಇರೋ ದ್ರವ, ಹಾಗಾಗಿ ಶುಗರ್ ಜೋರಾಗಿ ಏರಿಳಿಯೋವಾಗ ಕೆಲವು ನಿಮಿಷ ಹಿಂದೆ ಇರುತ್ತೆ. ಗ್ಲೂಕೋಮೀಟರ್ ಅಟ್ಟಕ್ಕೆ ಹಾಕ್ಬೇಡಿ.

ತಿಂಗಳು ತಿಂಗಳು ಹಾಕ್ಕೊಳ್ಳೋಕೆ ನನ್ನ ಪೆನ್ಷನ್ ಸಾಲಲ್ಲ, ಬೇಕಾಗೂ ಇಲ್ಲ. ಹೊಸ ಡೋಸ್ ಹೇಗೆ ಕೆಲಸ ಮಾಡ್ತಿದೆ ಅಂತ ನೋಡೋಕೆ ಇನ್ನೊಂದು ತಗೋತೀನಿ, ಅದೂ ಈ ಸೆಕೆ ಕಮ್ಮಿ ಆದ್ಮೇಲೆ. ನೀವು ತಗೊಳ್ಳೋದಾದ್ರೆ ಟೇಪೂ ಜೊತೆಗೇ ಕೇಳಿ, ಎಕ್ಸ್‌ಪೈರಿ ಡೇಟ್ ನೋಡಿ.